ಟ್ಯಾಂಕರ್ ಬಂದ ದಿನದ ಸಹಿ

ಒಂದು ಪುಟ ಸಾಕು, ಒಂದೇ ಪುಟ, ಎಂದು ಶ್ರೀಕಾಂತ ಫೋನಿನಲ್ಲಿ ಎರಡು ಸಲ ಹೇಳಿದ. ನಾವಿಬ್ಬರೂ ಇದೇ ಹೈದರಾಬಾದಿನಲ್ಲಿ ಒಟ್ಟಿಗೆ ಎಂ.ಟೆಕ್. ಓದಿದವರು. ಕಡಲತೀರ ಮತ್ತು ಜಲ ಎಂಜಿನಿಯರಿಂಗ್ ನಮ್ಮ ವಿಷಯ. ನಮ್ಮ ಪ್ರಯೋಗಾಲಯವನ್ನು ಬಹಳ ವರ್ಷ ನೋಡಿಕೊಂಡಿದ್ದವರು ಹೋದ ತಿಂಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಸೇರಿ ಅವರ ನೆನಪಿಗೆ ಸಣ್ಣದೊಂದು ಪುಸ್ತಕ ತರುತ್ತಿದ್ದಾರೆ, ಅದಕ್ಕೆ ನನ್ನದೂ ಒಂದು ಪುಟ ಬೇಕು. ನಿನ್ನ ಟ್ಯಾಂಕರ್ ಕಥೆಯನ್ನೇ ಬರಿ, ಅದು ಎಲ್ಲರಿಗೂ ಗೊತ್ತಿರುವುದು, ಎಂದ.

ಬರೆದೆ. ಒಂದು ತಾಸೂ ಹಿಡಿಯಲಿಲ್ಲ. ಆ ಕಥೆಯನ್ನು ಹತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ; ಎರಡು ಕೆಲಸದ ಸಂದರ್ಶನಗಳಲ್ಲೂ ಹೇಳಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ಒಂದು ದಿನದ ಅಳತೆಗಳನ್ನು ತಪ್ಪಾಗಿ ತೆಗೆದೆ, ಗೊತ್ತಾದ ಕೂಡಲೇ ನಾನೇ ಹೋಗಿ ಪ್ರೊಫೆಸರರ ಮುಂದೆ ಒಪ್ಪಿಕೊಂಡೆ, ಮಾಡಿದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದೆ, ಅಂಥ ಧೈರ್ಯ ಕಲಿಸಿದವರು ನಮ್ಮ ಲ್ಯಾಬಿನ ಸರ್. ಇಷ್ಟೇ ಕಥೆ. ಬರೆದು ಮುಗಿಸಿ, ಅದು ಯಾವ ತಿಂಗಳು ಎಂದು ಖಚಿತ ಮಾಡಿಕೊಳ್ಳಲು ಆ ವರ್ಷದ ದಿನಚರಿ ತೆಗೆದೆ. ಅಲ್ಲಿ ಬೇರೆಯೇ ಇತ್ತು. ಪ್ರೊಫೆಸರರ ಕೋಣೆಯಲ್ಲಿ ನಾನು ಒಂದು ಮಾತೂ ಆಡಿರಲಿಲ್ಲ. ಮಾತಾಡಿದವರು ಅವರು. ಬೈಸಿಕೊಂಡವರೂ ಅವರೇ.

ನನ್ನ ಅಕ್ಷರವೇ, ಅನುಮಾನವಿಲ್ಲ. ಓದಿದ ಮೇಲೆ ಆ ಕೋಣೆ ಸ್ವಲ್ಪ ಸ್ವಲ್ಪವಾಗಿ ನೆನಪಿಗೆ ಬಂತು. ಹಾಗಾದರೆ ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳೋ, ಹೇಳಿ ಹೇಳಿ ನಂಬಿದ್ದೋ? ಎರಡರಲ್ಲಿ ಯಾವುದು ಎಂದು ಈಗಲೂ ಹೇಳಲಾರೆ. ಆ ಒಂದು ಪುಟವನ್ನು ಮಾತ್ರ ಹಾಗೇ ಕಳಿಸುವಂತಿರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ಲ್ಯಾಬ್ ಸರ್.

ಅವರು ಪಾಠ ಮಾಡುವವರಾಗಿರಲಿಲ್ಲ. ಓದಿದ್ದು ಡಿಪ್ಲೊಮಾ. ಆದರೆ ಡಿಗ್ರಿ ಇದ್ದವರೆಲ್ಲ ಅವರ ಕೈಕೆಳಗೆ ಕೆಲಸ ಕಲಿತರು. ಲ್ಯಾಬಿನಲ್ಲಿ ಉದ್ದನೆಯ ಗಾಜಿನ ಕಾಲುವೆ ಇತ್ತು, ಫ್ಲೂಮ್ ಎನ್ನುತ್ತಿದ್ದೆವು. ಒಂದು ತುದಿಯಲ್ಲಿ ಮೋಟರಿಗೆ ಕಟ್ಟಿದ ಕಬ್ಬಿಣದ ಹಲಗೆ. ಅದು ಹಿಂದೆ ಮುಂದೆ ಆಡಿದರೆ ಅಲೆ ಏಳುತ್ತಿತ್ತು. ಇನ್ನೊಂದು ತುದಿಯಲ್ಲಿ ಬಂದರಿನ ಅಲೆತಡೆಯ ಪುಟ್ಟ ಮಾದರಿ, ಅಂದರೆ ಕಲ್ಲಿನ ರಾಶಿ. ಅಲೆ ಎಷ್ಟು ಎತ್ತರವಾದಾಗ ಕಲ್ಲು ಜಾರುತ್ತದೆ ಎಂದು ನೋಡುವುದು ನನ್ನ ಥೀಸಿಸ್ಸು. ಅದು ಬರೀ ಪುಸ್ತಕದ ಕೆಲಸವೂ ಆಗಿರಲಿಲ್ಲ. ಕರಾವಳಿಯ ಒಂದು ಊರಲ್ಲಿ ಮೀನುಗಾರರ ದೋಣಿಗಳಿಗೆ ಅಲೆತಡೆ ಕಟ್ಟಬೇಕಾಗಿತ್ತು, ಅದಕ್ಕೆ ಎಷ್ಟು ತೂಕದ ಕಲ್ಲು ಬೇಕೆಂದು ಹೇಳುವ ವರದಿಗೆ ನನ್ನ ಅಳತೆಗಳೇ ಆಧಾರ.

ಅಲೆಯ ಎತ್ತರ ಅಳೆಯಲು ನೀರಿನಲ್ಲಿ ಎರಡು ತಂತಿ ನಿಲ್ಲಿಸುತ್ತಿದ್ದೆವು. ಅವುಗಳ ನಡುವೆ ನೀರಿನ ಮೂಲಕ ಕರೆಂಟು ಎಷ್ಟು ಹರಿಯಿತೆಂದು ನೋಡಿದರೆ ನೀರು ಎಷ್ಟು ಏರಿತೆಂದು ತಿಳಿಯುತ್ತದೆ. ತೊಂದರೆ ಏನೆಂದರೆ, ನೀರಿನಲ್ಲಿ ಉಪ್ಪಿನ ಅಂಶ ಹೆಚ್ಚಿದ್ದರೆ ಕರೆಂಟೂ ಹೆಚ್ಚು ಹರಿಯುತ್ತದೆ, ಇಲ್ಲದ ಎತ್ತರ ಇದೆ ಎಂದು ತಂತಿ ಹೇಳುತ್ತದೆ. ಆದ್ದರಿಂದ ನೀರು ಬದಲಾದಾಗಲೆಲ್ಲ ತಂತಿಯನ್ನು ಒಂದೊಂದೇ ಹಂತ ಇಳಿಸಿ, ಎತ್ತಿ, ಪ್ರತಿ ಸಲವೂ ನೀರು ನಿಶ್ಚಲವಾಗುವವರೆಗೆ ಕಾದು, ಹೊಸದಾಗಿ ತಾಳೆ ನೋಡಬೇಕು. ಒಂದೂವರೆ ತಾಸಿನ ಕೆಲಸ. ಬೇಸಿಗೆಯಲ್ಲಿ ನಲ್ಲಿ ನೀರು ಸಾಲುತ್ತಿರಲಿಲ್ಲ, ಫ್ಲೂಮು ಬೇರೆ ಸೋರುತ್ತಿತ್ತು. ಬೋರ್‌ವೆಲ್ ನೀರಿನ ಟ್ಯಾಂಕರ್ ಬರುತ್ತಿತ್ತು. ಬೋರಿನ ನೀರು ಗಡಸು, ಉಪ್ಪಿನ ಅಂಶ ಹೆಚ್ಚು.

ಫ್ಲೂಮಿನ ಪಕ್ಕದ ಗೋಡೆಗೆ ಅವರು ಸ್ಲೇಟೊಂದನ್ನು ತೂಗುಹಾಕಿದ್ದರು. ಒಂದನೇ ಇಯತ್ತೆಯ ಮಕ್ಕಳ ಸ್ಲೇಟು, ಸುಲ್ತಾನ್ ಬಜಾರಿನಿಂದ ತಂದದ್ದು. ಬೆಳಿಗ್ಗೆ ತಾಳೆ ನೋಡಿ ಬಂದ ಅಂಕಿಯನ್ನು ಅದರ ಮೇಲೆ ಬರೆಯುವುದು. ಟ್ಯಾಂಕರ್ ಬಂದರೆ ಅವರು ಮೊದಲು ಮಾಡುತ್ತಿದ್ದ ಕೆಲಸ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸುವುದು, ಆಮೇಲೆ ವಾಲ್ವ್ ತೆರೆಯುವುದು. ಸ್ಲೇಟು ಖಾಲಿ ಇದ್ದಾಗ ಮೋಟರ್ ಹಚ್ಚುವಂತಿಲ್ಲ. ತಾಳೆ ನೋಡಿದ ಹಾಳೆಯನ್ನು ಅವರ ಮುಂದೆ ಇಟ್ಟರೆ ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ನೋಡಿ ಸಹಿ ಹಾಕುತ್ತಿದ್ದರು. ಅವರ ಸಹಿ ಇಲ್ಲದ ಹಾಳೆಯನ್ನು ಪ್ರೊಫೆಸರ್ ಮುಟ್ಟುತ್ತಿರಲಿಲ್ಲ.

ಟ್ಯಾಂಕರಿನ ನೀರಿನಲ್ಲಿ ಅವರು ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಬೇಗಂ ಬಜಾರಿನಲ್ಲಿ ಬೆಲ್ಲದ ವ್ಯಾಪಾರಿ ನೋಡಿದ ಹಾಗೆ. "ಇದು ನಾಚಾರಂ ಕಡಿ ಬೋರು, ಹಲ್ಲಿಗೆ ಹತ್ತತೈತಿ" ಎಂದು ಉಗುಳುತ್ತಿದ್ದರು. ಅವರ ನಾಲಿಗೆ ಒಂದು ಸಲವೂ ತಪ್ಪಲಿಲ್ಲ ಎಂದು ನಮ್ಮ ಬ್ಯಾಚಿನವರೆಲ್ಲ ಹೇಳುತ್ತಾರೆ, ನಾನೂ ಹೇಳಿದ್ದೇನೆ. ದಿನಚರಿಯಲ್ಲಿ ನೋಡಿದರೆ ನಾನು ಬರೆದಿಟ್ಟ ಐದರಲ್ಲಿ ಎರಡು ಸಲ ತಪ್ಪಿದ್ದಾರೆ. ತಪ್ಪಿದಾಗ ಟ್ಯಾಂಕರಿನ ಡ್ರೈವರ್ ನಗುತ್ತಿದ್ದ, ಅವರೂ ನಗುತ್ತಿದ್ದರು ಎಂದೂ ಇದೆ.

ನನ್ನ ಜೊತೆ ಅವರು ಮೊದಲು ಮಾತಾಡಿದ್ದು ನಾನು ಕಾರಿಡಾರಿನಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಾಗ. ಮುಗಿಯುವವರೆಗೆ ಬಾಗಿಲಲ್ಲಿ ಕಾದಿದ್ದರು.

"ಯಾವೂರು ತಂಗಿ?"

"ಇಲ್ಲೇ ರೀ ಸರ್, ಚಿಕ್ಕಡಪಲ್ಲಿ."

"ಅದಲ್ಲ. ಮೂಲ?"

"ಸೇಡಂ ಕಡೀರಿ. ನಮ್ಮ ಮುತ್ಯಾ ನೌಕರಿಗಂತ ಬಂದಿದ್ರು."

"ನಂದು ಭಾಲ್ಕಿ. ಚೊಲೊ ಆತು. ಇಷ್ಟು ವರ್ಷ ಹುಡುಗ್ರಿಗೆ ತೆಲುಗಿನಾಗ ಬೈದು ಬೈದು ಬಾಯಿ ಸಪ್ಪಗಾಗಿತ್ತು. ಇನ್ನ ಒಬ್ಬಾಕಿಗಾದ್ರೂ ಕನ್ನಡದಾಗ ಬೈಬಹುದು."

ಒಂದು ಸಲ ನಾನು ಬಾಯಿ ತಪ್ಪಿ ಕಾಕಾ ಅಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಮನಿಗೆ ಬಂದಾಗ ಕಾಕಾ ಅನ್ನು, ಎರಡು ರೊಟ್ಟಿ ಹೆಚ್ಚಿಗಿ ಹಾಕಸ್ತೀನಿ. ಇಲ್ಲಿ ಸರ್ ಅನ್ನು." ನಗಲಿಲ್ಲ. ಅಥವಾ ನಕ್ಕರೋ ಏನೋ. ಮುಖ ನೆನಪಿಲ್ಲ, ಸ್ಕ್ರೂಡ್ರೈವರ್ ಕೆಳಗಿಟ್ಟದ್ದು ನೆನಪಿದೆ.

ಮಾದರಿಯ ಕಲ್ಲುಗಳನ್ನು ಒಂದೊಂದಾಗಿ ತೂಗಬೇಕು. ಸಾವಿರಾರು ಕಲ್ಲು. ಮೊದಲ ವಾರ ಏನೂ ಪಾಠವಿಲ್ಲದೆ ನಾವು ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತು ಅದನ್ನೇ ಮಾಡಿದೆವು. ತೂಕ ಕೂಡಿದವನ್ನು ಒಂದು ಬುಟ್ಟಿಗೆ, ಕೂಡದವನ್ನು ಇನ್ನೊಂದಕ್ಕೆ. ಆಮೇಲೆ ಕೆಂಪು, ಹಳದಿ, ಹಸಿರು ಬಣ್ಣ ಬಳಿದು ಒಣಗಿಸುವುದು, ಯಾವ ಸಾಲಿನ ಕಲ್ಲು ಜಾರಿತೆಂದು ಬಣ್ಣದಿಂದ ಗೊತ್ತಾಗಲಿ ಎಂದು. ಮೂರನೆಯ ದಿನ ಶ್ರೀಕಾಂತ ತಾಳ್ಮೆಗೆಟ್ಟು ನಾಲ್ಕೈದು ಕಲ್ಲನ್ನು ತೂಗದೇ ಬುಟ್ಟಿಗೆ ಹಾಕಿದ. ಸರ್ ದೂರದಲ್ಲಿದ್ದರು. ಬಂದು ಬುಟ್ಟಿಯನ್ನು ಪೂರ್ತಿ ಚಾಪೆಯ ಮೇಲೆ ಸುರಿದರು. ಬೈಯಲಿಲ್ಲ. ತಾವೂ ಅವನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತು ಮೊದಲಿನಿಂದ ತೂಗಲು ಶುರುಮಾಡಿದರು. "ಅಕ್ಕಿ ಆರಸೂವಾಗ ಒಂದು ಹರಳು ಬಿಟ್ರ ಯಾರ ಬಾಯಾಗ ಬರತೈತಿ ಹೇಳಾಕ ಬರಂಗಿಲ್ಲ" ಎಂದರು ನನಗೆ. ಶ್ರೀಕಾಂತ ನನ್ನಿಂದ ಅರ್ಥ ಕೇಳಿಕೊಂಡ. ಊಟದ ಹೊತ್ತು ಮೀರಿತ್ತು.

ಹಲಗೆಯ ಯಂತ್ರದ ಭಾಗಗಳು ಸವೆದರೆ ಬಾಲಾನಗರದ ಒಂದು ಲೇಥ್ ಅಂಗಡಿಗೆ ತಾವೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಬೇರೆಯವರ ಕೈಗೆ ಕೊಡಲಿಲ್ಲ. ಲೇಥಿನ ಮುದುಕ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಮಿಷನ್ನಿನದು ಎಂದು ಕೇಳಿದ. ಸಮುದ್ರದ ಅಲೆ ಮಾಡುವುದು ಎಂದರು ಇವರು.

"ಹೈದ್ರಾಬಾದ್ ಮೇ ಸಮಂದರ್ ಕಾಂ ಹೈ ಸಾಬ್?"

"ಹೈ ಮಿಯಾ. ಕಾಂಚ್ ಕಾ ಹೈ. ಚಾವೀ ಮೇರೇ ಪಾಸ್ ಹೈ."

ಹೈದರಾಬಾದಿನಲ್ಲಿ ಸಮುದ್ರ ಎಲ್ಲಿ ಎಂದು ಕೇಳಿದರೆ, ಇದೆ, ಗಾಜಿನದು, ಬೀಗದ ಕೈ ನನ್ನ ಹತ್ತಿರ ಎಂಬ ಉತ್ತರ. ಮುದುಕ ತುಂಬ ಹೊತ್ತು ನಕ್ಕ. ಆದರೆ ತುಂಡು ತಯಾರಾದಾಗ ಇವರು ಕ್ಯಾಲಿಪರ್ ಹಚ್ಚಿ ನೋಡಿ ಅದನ್ನು ಎರಡು ಸಲ ವಾಪಸು ಕೊಟ್ಟರು, ಎರಡನೆಯ ಸಲ ಮುದುಕ ನಗಲಿಲ್ಲ.

ನಿಜವಾದ ಸಮುದ್ರಕ್ಕೂ ಒಮ್ಮೆ ನಮ್ಮ ಜೊತೆ ಬಂದಿದ್ದರು. ಮಚಲೀಪಟ್ಟಣದ ದಂಡೆ. ನಾವು ಬಸ್ಸಿಳಿದು ನೀರಿಗೆ ಓಡಿದೆವು. ಅವರು ಪ್ಯಾಂಟು ಮಡಚಿ ಮರಳಲ್ಲಿ ಕೂತು, ಕೊರಳಿಗೆ ಕಟ್ಟಿಕೊಂಡಿದ್ದ ಸ್ಟಾಪ್‌ವಾಚ್ ಒತ್ತಿ, ಅಲೆ ಎಣಿಸಲು ತೊಡಗಿದರು. ನೂರು ಅಲೆಯ ನಂತರ ಊಟ ಎಂದರು. ಎಪ್ಪತ್ತರ ಆಚೆ ಎಲ್ಲೋ ಯಾರೋ ಏನೋ ಕೇಳಿದರು, ಎಣಿಕೆ ತಪ್ಪಿತು. ಗಡಿಯಾರವನ್ನು ಸೊನ್ನೆಗೆ ತಂದು ಮತ್ತೆ ಒಂದರಿಂದ ಶುರುಮಾಡಿದರು. ಹಾಗೆ ಮಾತಾಡಿ ಎಲ್ಲರ ಊಟ ತಡಮಾಡಿದವಳು ನಾನೇ ಎಂದು ನನ್ನ ನೆನಪು. ಶ್ರೀಕಾಂತ ಅದು ತಾನು ಎನ್ನುತ್ತಾನೆ. ದಿನಚರಿಯಲ್ಲಿ 'ಯಾರೋ' ಎಂದಿದೆ.

ನೀರಿಗೆ ನಿನ್ನ ಅವಸರ ಗೊತ್ತಿಲ್ಲ ಎಂಬ ಅವರ ಒಂದು ಮಾತನ್ನು ನಮ್ಮವರೆಲ್ಲ ಈಗ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಿದ್ದಾರೆ. ಅವರ ಬಾಯಿಂದ ಅದನ್ನು ಕೇಳಿದ ನೆನಪು ನನಗಿಲ್ಲ. ಅವರು ಹೆಚ್ಚಾಗಿ ಅನ್ನುತ್ತಿದ್ದದ್ದು "ಇನ್ನಷ್ಟು ನಿಲ್ಲು" ಎಂದು.

ಈಗ ಆ ದಿನ. ಏಪ್ರಿಲ್, ಮಂಗಳವಾರ. ಬೆಳಿಗ್ಗೆ ತಾಳೆ ನೋಡಿ ಅಂಕಿಯನ್ನು ಸ್ಲೇಟಿನ ಮೇಲೆ ಬರೆದಾಗಿತ್ತು. ಹನ್ನೊಂದಕ್ಕೆ ಟ್ಯಾಂಕರ್ ಬಂತು. ಸರ್ ಸ್ಲೇಟು ಒರೆಸಿದರು, ನೀರು ತುಂಬಿಸಿದರು. ಅಷ್ಟರಲ್ಲಿ ಅವರಿಗೆ ಆಡಳಿತ ಕಚೇರಿಯಿಂದ ಕರೆ ಬಂತು, ಉಗ್ರಾಣದ ಸಾಮಾನುಗಳ ಪರಿಶೀಲನೆ. ಹೋಗುವಾಗ "ನೀರು ನಿಲ್ಲಲಿ, ಆಮ್ಯಾಲ ತಾಳಿ ನೋಡು" ಎಂದು ಹೇಳಿ ಹೋದರು. ನನಗೆ ಎಂಟು ಪ್ರಯೋಗ ಮುಗಿಸಬೇಕಿತ್ತು. ಗುರುವಾರ ಪ್ರೊಫೆಸರ್ ಆ ಕರಾವಳಿ ಊರಿಗೆ ಹೊರಡುವವರು, ಜೊತೆಗೆ ನನ್ನ ಅಂಕಿ ಬೇಕು. ಚೆನ್ನೈಯ ಒಂದು ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು, ಥೀಸಿಸ್ ಕೊಟ್ಟ ಮೇಲೆ ಬಾ ಎಂದಿದ್ದರು. ಶ್ರೀಕಾಂತ ಅಂದು ರಜೆ. ಲ್ಯಾಬಿನಲ್ಲಿ ನಾನೊಬ್ಬಳೇ.

ಬೆಳಗಿನ ಅಂಕಿಯನ್ನೇ ಖಾಲಿ ಸ್ಲೇಟಿನ ಮೇಲೆ ಬರೆದು ಮೋಟರ್ ಹಚ್ಚಿದೆ.

ಯಾರೂ ಇಲ್ಲದ ಕೋಣೆಯಲ್ಲಿ ಯಾರಿಗಾಗಿ ಸ್ಲೇಟಿನ ಮೇಲೆ ಬರೆದೆ? ಖಾಲಿ ಸ್ಲೇಟಿನ ಎದುರು ಮೋಟರ್ ಹಚ್ಚಲು ನನ್ನ ಕೈ ಹೋಗಲಿಲ್ಲ, ಅಷ್ಟರಮಟ್ಟಿಗೆ ಅವರು ನನ್ನನ್ನು ತಯಾರು ಮಾಡಿದ್ದರು. ಸುಳ್ಳು ಬರೆಯಬಾರದು ಎನ್ನುವಷ್ಟು ಮಾಡಿರಲಿಲ್ಲ, ಅಥವಾ ನಾನು ಆಗಿರಲಿಲ್ಲ. ಸಂಜೆಯ ಹೊತ್ತಿಗೆ ತಾಳೆಯ ಹಾಳೆಯನ್ನೂ ಬರೆದೆ. ಬೆಳಗಿನ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು, ಕೊನೆಯ ಅಂಕಿಗಳನ್ನು ಅಲ್ಲಲ್ಲಿ ಸ್ವಲ್ಪ ಬದಲಿಸಿ. ಹತ್ತು ನಿಮಿಷದ ಕೆಲಸ.

ಐದಕ್ಕೆ ಅವರು ಬಂದರು. ಕಚೇರಿಯಲ್ಲಿ ಎಲ್ಲರ ಜೊತೆ ಜಗಳಾಡಿ ಸುಸ್ತಾಗಿದ್ದರು.

"ತಾಳಿ ನೋಡಿದಿ?"

"ನೋಡೀನ್ರಿ ಸರ್."

"ಟ್ಯಾಂಕರ್ ಆದ ಮ್ಯಾಲ?"

"ಹೌದ್ರಿ. ಅದಾದ ಮ್ಯಾಲನ."

"ಆತು ತಾ" ಎಂದು ಹಾಳೆ ಇಸಿದುಕೊಂಡು ನಿಂತಲ್ಲೇ ಸಹಿ ಹಾಕಿದರು.

ದಿನಚರಿಯಲ್ಲಿ ಇದು ಮೂರು ಸಾಲು. ಟ್ಯಾಂಕರ್ ಬಂತು. ಎಂಟೂ ಆದವು. ಸರ್ ಕೇಳಿದರು, ನೋಡೀನಿ ಅಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಅವರೇ ತಾಳೆ ನೋಡಿ ಸ್ಲೇಟಿನ ಮೇಲೆ ಬರೆದರು. ಹಿಂದಿನ ದಿನದ ಅಂಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಾನು ನೋಡಿದೆ. ಅಂದರೆ ನಾನು ಹಿಂದಿನ ದಿನ ಅಳೆದ ಅಲೆಗಳೆಲ್ಲ ನಿಜಕ್ಕಿಂತ ಎತ್ತರವಾಗಿ ಕಂಡಿದ್ದವು. ಅಷ್ಟು ಎತ್ತರದ ಅಲೆಗೂ ಕಲ್ಲು ಜಾರಲಿಲ್ಲ ಎಂದು ನಾನು ಬರೆದುಕೊಂಡಿದ್ದೆ. ಆ ಅಂಕಿ ನಂಬಿ ಗೋಡೆ ಕಟ್ಟಿದರೆ ಕಲ್ಲು ಹಗುರಾಗುತ್ತದೆ, ಮೊದಲ ದೊಡ್ಡ ಅಲೆಗೆ ಜಾರುತ್ತದೆ. ಗೋಡೆಯ ಹಿಂದೆ ದೋಣಿಗಳಿರುತ್ತವೆ. ಇದನ್ನು ಲೆಕ್ಕ ಹಾಕಲು ನನಗೆ ಕಾಗದ ಬೇಕಾಗಲಿಲ್ಲ.

ಅವರು ಸ್ಲೇಟು ನೋಡಿದರು, ಫೈಲಿನಿಂದ ನಿನ್ನೆಯ ಹಾಳೆ ತೆಗೆದು ನೋಡಿದರು. ಈ ಸಲ ಬೆರಳಿಟ್ಟು ನೋಡಿದರು. ನಾನು ಅವರು ಕೇಳಲಿ ಎಂದು ಕಾದೆ. ಕೇಳಲಿಲ್ಲ. ಕೊನೆಗೆ ನಾನೇ ಹೇಳಿದೆ. ಕಥೆಯಲ್ಲಿ 'ನಾನೇ ಹೇಳಿದೆ' ಎಂಬುದು ಬಂದದ್ದು ಇಲ್ಲಿಂದ ಇರಬೇಕು.

"ಸರ್, ನಿನ್ನಿ ನಾ ತಾಳಿ ನೋಡಿಲ್ರಿ."

"ಎಷ್ಟು ಪ್ರಯೋಗ?"

"ಎಂಟು."

"ಎಂಟೂ?"

"ಎಂಟೂ ರೀ."

ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ನಡಿ" ಎಂದರು. ಮಹಡಿ ಹತ್ತುವಾಗ ಅವರು ಮುಂದೆ, ನಾನು ಹಿಂದೆ.

ಪ್ರೊಫೆಸರ್ ಪ್ರಯಾಣಕ್ಕೆ ಕಾಗದ ಜೋಡಿಸುತ್ತಿದ್ದರು. ಸರ್ ಹಾಳೆಯನ್ನು ಬಿಡಿಸಿ ಅವರ ಮುಂದೆ ಇಟ್ಟು ತೆಲುಗಿನಲ್ಲಿ ಹೇಳಿದರು: ಇದು ತಪ್ಪು ಹಾಳೆ. ನಾನು ನೋಡದೆ ಸಹಿ ಹಾಕಿದ್ದೇನೆ. ನಿನ್ನೆಯ ಎಂಟೂ ಪ್ರಯೋಗಗಳನ್ನು ಬಿಡಬೇಕು. ಪ್ರೊಫೆಸರ್ ಮೊದಲು ನಂಬಲಿಲ್ಲ, ಆಮೇಲೆ ಬೈದರು. ನಿಮ್ಮ ಸಹಿಯ ಮೇಲೆ ನಾನು ಕಣ್ಣು ಮುಚ್ಚಿ ನಂಬಿಕೆ ಇಟ್ಟಿದ್ದೆ, ನಾಳೆ ನಾನು ಅಲ್ಲಿ ಹೋಗಿ ಏನು ತೋರಿಸಲಿ ಎಂದರು. ಅವರ ಸಿಟ್ಟಿನಲ್ಲಿ ಅನ್ಯಾಯ ಇರಲಿಲ್ಲ. ಆ ದಿನವೇ ಸರ್‌ಗೆ ಮೆಮೊ ಬಂತು, ಕರ್ತವ್ಯದಲ್ಲಿ ನಿರ್ಲಕ್ಷ್ಯ ಎಂದು.

ಹಾಳೆ ಬರೆದವಳು ಯಾರು ಎಂದು ಪ್ರೊಫೆಸರ್ ಕೇಳಲಿಲ್ಲ. ಕೇಳದಿದ್ದರೂ ನಾನು ಹೇಳಬಹುದಿತ್ತು. ಇಲ್ಲಿ ನನ್ನ ನೆನಪಿನಲ್ಲಿ ಒಂದು ಕೈ ಇದೆ. ನಾನು ಬಾಯಿ ತೆರೆಯುತ್ತೇನೆ, ಸರ್ ನನ್ನ ಕಡೆ ನೋಡದೆಯೇ ಅಂಗೈ ಎತ್ತಿ ತಡೆಯುತ್ತಾರೆ. ತುಂಬ ಸ್ಪಷ್ಟವಾಗಿದೆ, ಬೆರಳಿಗೆ ಹತ್ತಿದ ಗ್ರೀಸು ಕೂಡ ಕಾಣುತ್ತದೆ. ಆದರೆ ದಿನಚರಿಯಲ್ಲಿ ಆ ಕೈ ಇಲ್ಲ. 'ಸರ್‌ಗೆ ಬೈದರು. ನಾನು ಮಾತಾಡಲಿಲ್ಲ. ಮಧ್ಯಾಹ್ನ ಊಟ ಸೇರಲಿಲ್ಲ, ಸಂಜೆ ಮಿರ್ಚಿ ಬಜ್ಜಿ ತಿಂದೆ.' ಬಜ್ಜಿಯನ್ನು ಬರೆದವಳು ಆ ಕೈಯನ್ನು ಬರೆಯದೇ ಬಿಡುತ್ತಿದ್ದೆನೇ? ಆ ಕೈ ನಿಜವಾಗಿದ್ದರೆ ನನಗೆ ಅನುಕೂಲ. ನನಗೆ ಅನುಕೂಲವಾದ ನೆನಪುಗಳ ಬಗ್ಗೆ ಈಚೆಗೆ ನನಗೆ ನಂಬಿಕೆ ಕಡಿಮೆಯಾಗಿದೆ.

ಪ್ರಯೋಗಗಳನ್ನು ಮತ್ತೆ ಮಾಡಿದೆ. ಆರು ವಾರ ಹಿಡಿಯಿತು, ಆ ಎಂಟಷ್ಟೇ ಅಲ್ಲ, ಅನುಮಾನಕ್ಕೆ ಎಡೆಯಾದ ನನ್ನ ಹಿಂದಿನ ಪ್ರಯೋಗಗಳನ್ನೂ. ವರದಿ ತಡವಾಗಿ ಹೋಯಿತು, ಸರಿಯಾಗಿ ಹೋಯಿತು. ಚೆನ್ನೈಯವರು ಕಾದರು. ನನಗೆ ಏನೂ ನಷ್ಟವಾಗಲಿಲ್ಲ. ಸರ್ ಆ ವಿಷಯ ಮತ್ತೆ ಎತ್ತಲಿಲ್ಲ, ನನ್ನ ಜೊತೆ ಮೊದಲಿನ ಹಾಗೇ ಇದ್ದರು. ಒಂದೇ ವ್ಯತ್ಯಾಸ, ನನ್ನ ಹಾಳೆಗಳನ್ನೂ ಒಂದೊಂದು ಅಂಕಿಗೆ ಬೆರಳಿಟ್ಟು ನೋಡತೊಡಗಿದರು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ ಎಂದು ಚೆನ್ನೈಗೆ ಹೋದ ಮೇಲೆ ಕೇಳಿದೆ. ಮೆಮೊದ ಕಾರಣಕ್ಕೋ ಇನ್ನಾವುದಕ್ಕೋ ಎಂದು ವಿಚಾರಿಸಲಿಲ್ಲ.

ಇದೆಲ್ಲವನ್ನೂ ಚಿಕ್ಕದಾಗಿ ಒಂದು ಪುಟದಲ್ಲಿ ಹಿಡಿಸಿ ಶ್ರೀಕಾಂತನಿಗೆ ಕಳಿಸಿದೆ. ಅವರು ನನಗಾಗಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು ಎಂದು ಕೊನೆಯ ಸಾಲು. ಅವನು ಅರ್ಧ ದಿನದ ಮೇಲೆ ಫೋನ್ ಮಾಡಿ, ಸತ್ತವರ ಪುಸ್ತಕದಲ್ಲಿ ಮೆಮೊ ವಿಷಯ ಹಾಕುವುದಾದರೆ ಮನೆಯವರನ್ನು ಒಂದು ಮಾತು ಕೇಳು ಎಂದ. ಸರಿಯಾದ ಮಾತೇ.

ಅವರ ಮನೆ ಕಾಚಿಗುಡದಲ್ಲಿ. ದಿನಗಳೆಲ್ಲ ಮುಗಿದು ನೆಂಟರು ಹೋಗಿದ್ದರು. ಅವರ ಹೆಂಡತಿ ಬಾಗಿಲು ತೆಗೆದು ಒಂದು ಕ್ಷಣ ನನ್ನ ಮುಖ ನೋಡಿ, "ಬಾರವಾ, ಚಿಕ್ಕಡಪಲ್ಲಿಯಾಕಿ ಅಲ್ಲೇನು ನೀ" ಎಂದರು. ಚಹಾ ಕೊಟ್ಟರು. ಕಾಯಿಲೆಯ ಕೊನೆಯ ವಾರದ ಮಾತು ಆಯಿತು. ಅದಾದ ಮೇಲೆ ಕೇಳಿದೆ.

"ಕಾಕು, ಸರ್‌ಗೆ ಒಂದು ಸಲ ಮೆಮೊ ಬಂದಿತ್ತಲ್ರಿ."

"ಬಂದದ್ದೇ ಒಂದು ಸಲ. ಮರಿಯೋದು ಹ್ಯಾಂಗ? ಟ್ಯಾಂಕರ್‌ದು."

"ಅದು ನನ್ನ ತಪ್ಪಿತ್ರಿ ಕಾಕು. ನಾ ಸುಳ್ಳು ಬರದಿದ್ದೆ. ಅವರು ನನ್ನ ಸಲುವಾಗಿ ತಮ್ಮ ಮ್ಯಾಲ ಹಾಕ್ಕೊಂಡ್ರು."

ಅವರು ಚಹಾದ ಬಸಿಯನ್ನು ಕೆಳಗಿಟ್ಟರು. "ನಿನ್ನ ಸಲುವಾಗಿ ಯಾಕ ಹಾಕ್ಕೋತಾರವಾ? ಅವರ ತಪ್ಪು ಅವರಿಗಿತ್ತು."

"ಇಲ್ರಿ, ಹಾಳಿ ಬರದಾಕಿ ನಾನು."

"ಬರದಾಕಿ ನೀನು. ಸಹಿ ಯಾರದು? ಕೇಳು ಇಲ್ಲೆ. ಬ್ಯಾರೆ ಹುಡುಗರ ಹಾಳಿ ಒಂದೊಂದು ಅಂಕಿ ನೋಡಿ ಸಹಿ ಹಾಕತಿದ್ರು. ನಿಂದು ನೋಡಲಾರದ ಹಾಕ್ಯಾರ. ನಮ್ಮ ಕಡಿ ಹುಡುಗಿ, ಕನ್ನಡದಾಗ ನೋಡೀನ್ರಿ ಅಂತು, ನಾ ಆತು ಅಂದುಬಿಟ್ಟೆ, ಅದೇ ಆ ತೆಲುಗು ಹುಡುಗ ಅಂದಿದ್ರ ಕುಂತು ನೋಡತಿದ್ದೆ, ಅಂತ ಅಂದ್ರು. ಎರಡು ದಿನ ಸರಿಯಾಗಿ ಉಣಲಿಲ್ಲ. ಮೆಮೊಕ್ಕಲ್ಲ, ಇದಕ್ಕ. ಇಷ್ಟು ವರ್ಷದಾಗ ಎಂದೂ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಮಾಡಿದವರಲ್ಲ."

ನನಗಾಗಿ ಎಂದು ಬರೆದ ಸಾಲು ಚೀಲದಲ್ಲಿತ್ತು.

"ಬಡ್ತಿ ಎರಡು ವರ್ಷ ಹಿಂದ ಬಿತ್ತು" ಎಂದರು ಅವರು. "ಅದಕ್ಕ ನಾ ಜಗಳಾ ತಗದಿದ್ದೆ, ಸುಳ್ಳು ಯಾಕ ಹೇಳಲಿ. ನೀವು ನಿಮ್ಮ ತಪ್ಪು ಒಪ್ಪಿಕೊಂಡ್ರಿ, ಚೊಲೊ ಆತು. ಆ ಹುಡುಗಿ ತನ್ನ ತಪ್ಪು ಸಾಹೇಬರ ಮುಂದ ಹೇಳಿದಳೇನು, ಅಂತ ಕೇಳಿದೆ. ಇನ್ನಾ ಇಲ್ಲ ಅಂದ್ರು."

"ಏನಂದ್ರು?"

"ಇನ್ನಾ ಇಲ್ಲ. ನೀ ಚೆನ್ನೈಗೆ ಹೋದ ಮ್ಯಾಲ ಮತ್ತ ಕೇಳಿದೆ, ಅದನ್ನ ಅಂದ್ರು. ರಿಟೈರ್ ಆದ ದಿನ ಹಾರ ಹಾಕ್ಕೊಂಡು ಮನಿಗೆ ಬಂದಾಗ ಚಾಷ್ಟಿ ಮಾಡಿದೆ, ಇನ್ನರೆ ಹೇಳಿದಳೇನ್ರಿ ನಿಮ್ಮ ಹುಡುಗಿ ಅಂತ. ಆವಾಗೂ ಅದ ಮಾತು."

ಅವರು ಸಿಟ್ಟಿನಿಂದ ಹೇಳಲಿಲ್ಲ. ಇನ್ನೊಂದು ಬಸಿ ಚಹಾ ಹಾಕಲೇ ಎಂದರು. ಪುಟದ ಬಗ್ಗೆ ಕೇಳಿದಾಗ, ಇದ್ದದ್ದು ಬರಿ, ಇಲ್ಲದ್ದು ಬ್ಯಾಡ ಎಂದರು. ಮೆಟ್ಟಿಲಿಳಿಯುವಾಗ ಆ ಎತ್ತಿದ ಕೈಯ ಬಗ್ಗೆ ಯೋಚಿಸಿದೆ. ಇನ್ನೂ ಇಲ್ಲ ಎಂದು ನಿವೃತ್ತಿಯ ದಿನದವರೆಗೆ ಅಂದವರು ಆ ದಿನ ನನ್ನ ಬಾಯಿ ಯಾಕೆ ಮುಚ್ಚಿಸಿದ್ದಾರು? ಎತ್ತಿದ್ದರೂ, ತಮ್ಮ ಮಾತು ಮೊದಲು ಮುಗಿಯಲಿ ಎಂದು ಎತ್ತಿದ್ದಿರಬೇಕು. ಆಮೇಲಿನದು ನನ್ನ ಸರದಿಯಾಗಿತ್ತು.

ಪ್ರೊಫೆಸರ್ ನಿವೃತ್ತರಾಗಿ ತಾರ್ನಾಕದಲ್ಲಿದ್ದಾರೆ. ಮರುದಿನ ಹತ್ತು ಗಂಟೆಗೆ ಹೋದೆ. ಫೋನ್ ಮಾಡಿ ಹೋದರೆ ಫೋನಿನಲ್ಲೇ ಮುಗಿಸಿಬಿಟ್ಟೇನು ಎಂದು ಹೇಳದೇ ಹೋದೆ. ಅವರು ಕೈಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಗುರುತು ಹಿಡಿದರು. "ಕೂರ್ಚೋಮ್ಮಾ" ಎಂದು ಕುರ್ಚಿ ತೋರಿಸಿದರು. ಆ ಮೆಮೊ ಅವರಿಗೆ ನೆನಪಿರಲಿಲ್ಲ, ಟ್ಯಾಂಕರೂ ನೆನಪಿರಲಿಲ್ಲ. ಲ್ಯಾಬ್ ಸರ್ ಎಂದಾಗ ಮಾತ್ರ ಕನ್ನಡಕ ತೆಗೆದು, ತುಂಬ ಒಳ್ಳೆಯ ಮನುಷ್ಯ, ಅಷ್ಟು ವರ್ಷದಲ್ಲಿ ಒಂದು ತಪ್ಪು ಮಾಡಿದವರಲ್ಲ ಎಂದರು.

ಒಂದು ಮಾಡಿದ್ದರು ಸರ್, ಅದನ್ನು ಅವರೇ ಬಂದು ನಿಮಗೆ ಹೇಳಿದ್ದರು, ಎಂದೆ. ಅದೇ ದಿನ ನಾನು ಮಾಡಿದ್ದೂ ಒಂದಿದೆ. ಅದನ್ನು ಹೇಳಲು ಬಂದಿದ್ದೇನೆ.

ಅವರು ಮತ್ತೆ ಕುರ್ಚಿ ತೋರಿಸಿದರು. ನಾನು ನಿಂತೇ ಶುರುಮಾಡಿದೆ.